ಸೆಲರಿಗೆ ಸಲ್ಲಬೇಕಾದ ಪಾಲು

ವಾಲ್ಡಾರ್ಫ್ ಸಲಾಡ್ ಕೇಳಿದರೆ ಇಂದು ಹೆಚ್ಚಿನ ಹೋಟೆಲುಗಳಲ್ಲಿ ಮೇಜಿಗೆ ಬರುವುದು ಒಂದು ಬಟ್ಟಲು ಸಿಹಿ. ಸೇಬು, ದ್ರಾಕ್ಷಿ, ಒಣದ್ರಾಕ್ಷಿ, ಅಕ್ರೋಟು, ಕೆಲವು ಕಡೆ ಅನಾನಸು, ಇನ್ನು ಕೆಲವು ಕಡೆ ಕಡೆದ ಕ್ರೀಮು. ಇವೆಲ್ಲದರ ನಡುವೆ ಹುಡುಕಿದರೆ ಸಿಗುವ ನಾಲ್ಕು ಚೂರು ಸೆಲರಿ. ಆದರೆ ಈ ಸಲಾಡಿಗೆ ಹೆಸರು ತಂದುಕೊಟ್ಟ ವ್ಯಕ್ತಿಯ ಅಡುಗೆ ಪುಸ್ತಕ 1896ರಲ್ಲಿ ಅಚ್ಚಾದಾಗ ಅದರಲ್ಲಿ ಇದ್ದದ್ದು ಮೂರೇ ಪದಾರ್ಥ: ಹಸಿ ಸೇಬು, ಸೆಲರಿ, ಮೇಯನೇಸ್. ಅಕ್ರೋಟು ಇರಲಿಲ್ಲ, ದ್ರಾಕ್ಷಿಯ ಸುಳಿವೂ ಇರಲಿಲ್ಲ. ಎರಡು ಸೇಬಿನ ಸಿಪ್ಪೆ ತೆಗೆದು ಅರ್ಧ ಅಂಗುಲದ ಹೋಳು ಮಾಡಿ, ಸೆಲರಿಯನ್ನೂ ಅದೇ ಅಳತೆಗೆ ಹೆಚ್ಚಿ, ಬೀಜ ಬೀಳದಂತೆ ನೋಡಿಕೊಂಡು, ಒಳ್ಳೆಯ ಮೇಯನೇಸಿನಲ್ಲಿ ಕಲಸಿದರೆ ಮುಗಿಯಿತು. ಸೇಬಿನಷ್ಟೇ ಸೆಲರಿಯೂ ಈ ಸಲಾಡಿನ ಒಡೆಯ. ಆ ಪಾಲನ್ನು ಸೆಲರಿಗೆ ಮರಳಿ ಕೊಟ್ಟು ಮಾಡಿ ನೋಡಿದರೆ, ಇದು ನೂರಮೂವತ್ತು ವರ್ಷ ಯಾಕೆ ಬಾಳಿತೆಂದು ಮೊದಲ ತುತ್ತಿಗೇ ತಿಳಿಯುತ್ತದೆ.

ಕಥೆ ನ್ಯೂಯಾರ್ಕಿನದು. ವಿಲಿಯಂ ವಾಲ್ಡಾರ್ಫ್ ಆಸ್ಟರ್ ಎಂಬ ಸಿರಿವಂತ ಫಿಫ್ತ್ ಅವೆನ್ಯೂ ಮತ್ತು 33ನೇ ಬೀದಿ ಕೂಡುವಲ್ಲಿ ಕಟ್ಟಿಸಿದ ವಾಲ್ಡಾರ್ಫ್ ಹೋಟೆಲ್ 1893ರ ಮಾರ್ಚ್‌ನಲ್ಲಿ ಬಾಗಿಲು ತೆರೆಯಿತು. ಆಸ್ಟರ್ ಮನೆತನದ ಮೂಲಪುರುಷ ಜಾನ್ ಜೇಕಬ್ ಆಸ್ಟರ್ 1763ರಲ್ಲಿ ಹುಟ್ಟಿದ ಜರ್ಮನಿಯ ಹಳ್ಳಿ ವಾಲ್‌ಡಾರ್ಫ್. ಹೋಟೆಲಿಗೂ ಸಲಾಡಿಗೂ ಹೆಸರು ಬಂದದ್ದು ಅಲ್ಲಿಂದ. ಮಕ್ಕಳ ಆಸ್ಪತ್ರೆಯೊಂದರ ನೆರವಿಗಾಗಿ ಏರ್ಪಡಿಸಿದ್ದ ಸಂಗೀತ ಕಛೇರಿಯೊಂದಿಗೆ ಹೋಟೆಲಿನ ಪ್ರಾರಂಭೋತ್ಸವ ನಡೆಯಿತು. ನಾಲ್ಕು ವರ್ಷದ ಮೇಲೆ, 1897ರಲ್ಲಿ, ದಾಯಾದಿ ನಾಲ್ಕನೇ ಜಾನ್ ಜೇಕಬ್ ಆಸ್ಟರ್ ಪಕ್ಕದಲ್ಲೇ ಆಸ್ಟೋರಿಯಾ ಕಟ್ಟಿಸಿದರು. ಎರಡೂ ಸೇರಿ ವಾಲ್ಡಾರ್ಫ್ ಆಸ್ಟೋರಿಯಾ ಆಯಿತು. ಈ ದಾಯಾದಿ 1912ರಲ್ಲಿ ಟೈಟಾನಿಕ್ ಹಡಗಿನೊಡನೆ ಮುಳುಗಿದರು. ಹಳೆಯ ಕಟ್ಟಡವನ್ನು 1929ರಲ್ಲಿ ಕೆಡವಿದರು. ಆ ಜಾಗದಲ್ಲಿ ಈಗ ಎಂಪೈರ್ ಸ್ಟೇಟ್ ಬಿಲ್ಡಿಂಗ್ ನಿಂತಿದೆ. ಹೋಟೆಲು 1931ರಲ್ಲಿ ಪಾರ್ಕ್ ಅವೆನ್ಯೂಗೆ ಬಂತು.

ಸಲಾಡಿನ ಹೆಸರಿನೊಂದಿಗೆ ಸೇರಿಕೊಂಡಿರುವ ಆಸ್ಕರ್ ಚಿರ್ಕಿ ಅಡುಗೆಯವರಾಗಿರಲಿಲ್ಲ. 1866ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, 1883ರಲ್ಲಿ ನ್ಯೂಯಾರ್ಕಿಗೆ ಬಂದಿಳಿದು, ಅಲ್ಲಿನ ಹೆಸರಾಂತ ಡೆಲ್ಮೊನಿಕೋಸ್‌ನಲ್ಲಿ ಊಟ ಬಡಿಸುವ ಕಲೆಯನ್ನು ಅರೆದು ಕುಡಿದವರು. ವಾಲ್ಡಾರ್ಫ್‌ನಲ್ಲಿ ಅವರದು ಊಟದ ಸಭಾಂಗಣದ ಯಜಮಾನಿಕೆ: ಯಾರನ್ನು ಎಲ್ಲಿ ಕೂರಿಸಬೇಕು, ಯಾವ ಬಗೆ ಯಾವಾಗ ಬರಬೇಕು, ಮೇಜಿನ ಮೇಲೆ ಏನಿರಬೇಕು, ಏನಿರಬಾರದು ಎಂಬುದೆಲ್ಲ ಅವರ ಕಣ್ಸನ್ನೆಯಲ್ಲಿ ನಡೆಯುತ್ತಿತ್ತು. ಒಲೆಯ ಮುಂದೆ ನಿಂತವರು ಬೇರೆಯವರು. ನನಗೆ ಇದು ಮುಖ್ಯವೆನಿಸುತ್ತದೆ. ಬೇಯಿಸುವ ಕೆಲಸವೇ ಇಲ್ಲದ, ಹೆಚ್ಚಿ ಕಲಸಿ ತಣ್ಣಗೆ ಇಡುವ ಈ ತಿನಿಸಿನಲ್ಲಿ ಬಡಿಸುವವನ ಕಣ್ಣಿದೆ. ಅತಿಥಿಯ ಮುಂದೆ ತಟ್ಟೆ ಇಟ್ಟ ಗಳಿಗೆಯಲ್ಲಿ ಅದು ಹೇಗಿರಬೇಕೆಂದು ಬಲ್ಲವನ ಲೆಕ್ಕಾಚಾರವಿದೆ.

ಆ ಕಾಲದ ನ್ಯೂಯಾರ್ಕಿನಲ್ಲಿ ಸೆಲರಿಯ ಗತ್ತೇ ಬೇರೆ. ಈಗ ಸೂಪಿಗೆ ಎರಡು ದಂಟು ಹಾಕಿ ಉಳಿದದ್ದನ್ನು ಫ್ರಿಜ್ಜಿನ ಮೂಲೆಯಲ್ಲಿ ಬಾಡಲು ಬಿಡುತ್ತೇವೆ. ಹತ್ತೊಂಬತ್ತನೇ ಶತಮಾನದ ಉಳ್ಳವರ ಮನೆಗಳಲ್ಲಿ ಹಸಿ ಸೆಲರಿಯನ್ನು ನಿಲ್ಲಿಸಿಡಲೆಂದೇ ಕೊರೆದ ಗಾಜಿನ ಎತ್ತರದ ಹೂಜಿಗಳಿದ್ದವು. ಹೂದಾನಿಯಂತೆ ಅವನ್ನು ಮೇಜಿನ ನಡುವೆ ಇಡುತ್ತಿದ್ದರು. ಹೋಟೆಲುಗಳ ಊಟದ ಪಟ್ಟಿಯಲ್ಲಿ ಬರಿಯ ಸೆಲರಿಗೇ ಪ್ರತ್ಯೇಕ ಸಾಲು, ಪ್ರತ್ಯೇಕ ಬೆಲೆ. ಸಲಾಡಿನಲ್ಲಿ ಸೆಲರಿ ಅರ್ಧ ಭಾಗವೆಂದರೆ ಅಂದಿನ ಅತಿಥಿಗೆ ಅದು ಗೌರವದ ಸಂಗತಿ.

ಈ ಬೆಲೆಗೆ ಕಾರಣ ಬೇಸಾಯದ ಕಷ್ಟ. ಮೂಲತಃ ಸೆಲರಿ ಯುರೋಪಿನ ಜೌಗು ನೆಲಗಳಲ್ಲಿ ಬೆಳೆಯುತ್ತಿದ್ದ ಕಹಿ ಗಿಡ. ಹಿಂದಿನವರಿಗೆ ಅದು ಔಷಧಿ. ದಪ್ಪ ದಂಟಿನ, ಮೆದು ರುಚಿಯ ತಳಿಗಳನ್ನು ಹದ ಮಾಡಿದವರು ಮುಖ್ಯವಾಗಿ ಇಟಲಿಯ ತೋಟಗಾರರು. ಹದಗೊಂಡ ಮೇಲೂ ಅದರ ಹಟ ಹೋಗಲಿಲ್ಲ. ಅದಕ್ಕೆ ತಂಪು ಬೇಕು, ಬೇರು ಎಂದೂ ಒಣಗಬಾರದು, ಮಡಿಯಲ್ಲಿ ಸಸಿ ಎಬ್ಬಿಸಿ ನಾಟಿ ಮಾಡಿದ ಮೇಲೂ ತಿಂಗಳುಗಟ್ಟಲೆ ಕಾಯಬೇಕು. ಜೊತೆಗೆ ಅಂದಿನವರು ದಂಟು ಬೆಳ್ಳಗಾಗಲೆಂದು ಸಸಿಯನ್ನು ಕಾಲುವೆಯಲ್ಲಿ ನೆಟ್ಟು, ಅದು ಬೆಳೆದಂತೆಲ್ಲ ಇಕ್ಕೆಲದಿಂದ ಮಣ್ಣು ಏರಿಸುತ್ತಿದ್ದರು, ಇಲ್ಲವೇ ಹಲಗೆ ನಿಲ್ಲಿಸಿ ಬೆಳಕು ತಡೆಯುತ್ತಿದ್ದರು. ಬೆಳಕು ಕಾಣದ ದಂಟಿನಲ್ಲಿ ಹಸಿರು ಕಟ್ಟುವುದಿಲ್ಲ, ಕಹಿ ಇಳಿಯುತ್ತದೆ, ನಾರು ಎಳೆಯದಾಗಿ ಉಳಿಯುತ್ತದೆ. ಮಿಷಿಗನ್ ರಾಜ್ಯದ ಕಲಮಜೂ ಪಟ್ಟಣದಲ್ಲಿ ನೆದರ್ಲೆಂಡಿನಿಂದ ವಲಸೆ ಬಂದ ರೈತರು ಜೌಗಿನ ನೀರು ಬಸಿದು, ಕಪ್ಪು ಮಣ್ಣಿನಲ್ಲಿ ಎಷ್ಟು ಸೆಲರಿ ಬೆಳೆದರೆಂದರೆ ಊರಿಗೆ ಸೆಲರಿ ನಗರವೆಂದೇ ಹೆಸರು ಬಿತ್ತು. ರೈಲು ನಿಂತಾಗ ಪ್ರಯಾಣಿಕರಿಗೆ ಕಟ್ಟು ಕಟ್ಟು ಮಾರುತ್ತಿದ್ದರು. ಮುಂದೆ ಮಣ್ಣೇರಿಸುವ ಗೊಡವೆಯಿಲ್ಲದ ಹಸಿರು ತಳಿಗಳು ಬಂದವು. ಸೆಲರಿ ಅಗ್ಗವಾಯಿತು, ವರ್ಷವಿಡೀ ಸಿಗತೊಡಗಿತು, ಮೇಜಿನ ನಡುವಿನಿಂದ ಅಡುಗೆಮನೆಯ ಮೂಲೆಗೆ ಸರಿಯಿತು. ಸಲಾಡಿನಲ್ಲಿ ಅದರ ಪಾಲು ಕುಗ್ಗಿದ್ದಕ್ಕೂ ಈ ಇಳಿಕೆಗೂ ನಂಟಿದೆ ಎಂದೇ ನನ್ನ ಅಂದಾಜು.

ಈಗ ಬಾಯೊಳಗೆ ನಡೆಯುವುದನ್ನು ನೋಡೋಣ. ಸೇಬಿನ ತಿರುಳಿನಲ್ಲಿ ಸುಮಾರು ಕಾಲು ಭಾಗ ಗಾಳಿ. ಅದಕ್ಕೇ ಸೇಬು ನೀರಿನಲ್ಲಿ ತೇಲುತ್ತದೆ. ಉಳಿದದ್ದು ತೆಳುಗೋಡೆಯ, ರಸ ತುಂಬಿ ಬಿಗಿದ ಕೋಶಗಳು. ಹೊಸ ಸೇಬನ್ನು ಕಚ್ಚಿದಾಗ ಹಲ್ಲು ಕೋಶಗಳನ್ನೇ ಸೀಳುತ್ತದೆ, ರಸ ಚಿಮ್ಮುತ್ತದೆ, ಆ ಒಡೆಯುವ ಸದ್ದೇ ನಮಗೆ ಕರುಂ ಎಂದು ಕೇಳುತ್ತದೆ. ಬಹಳ ದಿನ ಇಟ್ಟ ಸೇಬಿನಲ್ಲಿ ಕೋಶ ಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಸಡಿಲಗೊಂಡಿರುತ್ತದೆ. ಆಗ ಕಚ್ಚಿದರೆ ಕೋಶಗಳು ಒಡೆಯದೆ ಒಂದರಿಂದ ಒಂದು ಜಾರಿ ಬೇರೆಯಾಗುತ್ತವೆ. ರಸವೆಲ್ಲ ಒಳಗೇ ಉಳಿದು ನಾಲಿಗೆಗೆ ಹಿಟ್ಟು ಹಿಟ್ಟೆನಿಸುತ್ತದೆ. ಅಂಥ ಸೇಬಿನಿಂದ ಈ ಸಲಾಡ್ ಮಾಡಲೇಬಾರದು. ಮೇಯನೇಸು ಅದನ್ನು ಮುಚ್ಚಿಡುವುದಿಲ್ಲ, ಇನ್ನಷ್ಟು ಎತ್ತಿ ತೋರಿಸುತ್ತದೆ.

ಸೆಲರಿಯ ಗರಿಗರಿ ಬೇರೆ ಬಗೆಯದು. ಅದರಲ್ಲಿ ನೀರೇ ನೂರಕ್ಕೆ ತೊಂಬತ್ತೈದರಷ್ಟು. ಆದರೂ ದಂಟು ನೆಟ್ಟಗೆ ನಿಲ್ಲುವುದು ಹೊರಮೈಯ ಏಣುಗಳ ಉದ್ದಕ್ಕೂ ಓಡುವ ಗಟ್ಟಿ ನಾರಿನ ಎಳೆಗಳ ಬಲದಿಂದ. ಅಡ್ಡಲಾಗಿ ಹೆಚ್ಚಿದಷ್ಟೂ ನಾರಿನ ಉದ್ದ ಕಡಿಮೆಯಾಗುತ್ತದೆ. ಅರ್ಧ ಅಂಗುಲದ ಹೋಳಿನಲ್ಲಿ ಹಲ್ಲಿಗೆ ಸಿಕ್ಕುವುದು ಅರ್ಧ ಅಂಗುಲದ ನಾರು ಮಾತ್ರ. ಆಸ್ಕರ್ ಪುಸ್ತಕದ ಅಳತೆ ಎಷ್ಟು ಯೋಚಿಸಿ ಹೇಳಿದ್ದೆಂಬುದು ಇಲ್ಲಿ ತಿಳಿಯುತ್ತದೆ. ಅದಕ್ಕಿಂತ ದಪ್ಪಗಾದರೆ ನಾರು ಕಾಡುತ್ತದೆ. ತೀರಾ ಸಣ್ಣಗಾದರೆ ಸೇಬಿನ ಹೋಳು ಮೊದಲು ಕರಗಿ ಸೆಲರಿ ಬಾಯಲ್ಲಿ ಒಂಟಿಯಾಗಿ ಉಳಿಯುತ್ತದೆ. ಇನ್ನು ರುಚಿ: ಸೇಬು ಕೊಡುವುದು ಸಿಹಿ ಮತ್ತು ಮ್ಯಾಲಿಕ್ ಆಮ್ಲದ ಹುಳಿ. ಸೆಲರಿಯಲ್ಲಿ ತನ್ನದೇ ಆದ ಸಣ್ಣ ಉಪ್ಪು, ನಾಲಿಗೆಯ ಹಿಂದೆ ಉಳಿಯುವ ಒಗರು, ಥ್ಯಾಲೈಡ್ ಎಂಬ ಸಂಯುಕ್ತಗಳಿಂದ ಬರುವ ಆ ಗಾಢ ಪರಿಮಳ. ಸೇಬನ್ನೊಂದನ್ನೇ ಮೇಯನೇಸಿನಲ್ಲಿ ಕಲಸಿದರೆ ಮೂರನೇ ತುತ್ತಿಗೆ ಮೊಗ ಕಟ್ಟುತ್ತದೆ. ಸೆಲರಿ ಬಂದು ಆ ಜಿಡ್ಡನ್ನು ಕತ್ತರಿಸುತ್ತದೆ, ಮುಂದಿನ ತುತ್ತಿಗೆ ದಾರಿ ಮಾಡಿಕೊಡುತ್ತದೆ.

ನಮ್ಮ ಪೇಟೆಯ ಕೆಂಪು ಸೇಬಿಗೂ ಅಮೆರಿಕಕ್ಕೂ ಹಳೆಯ ನಂಟು. ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಸ್ಟೋಕ್ಸ್ 1904ರಲ್ಲಿ ಭಾರತಕ್ಕೆ ಬಂದು, ಶಿಮ್ಲಾ ಬಳಿಯ ಕೋಟಗಢದಲ್ಲಿ ನೆಲೆಸಿ, ಸತ್ಯಾನಂದರಾಗಿ ನಮ್ಮವರೇ ಆಗಿಬಿಟ್ಟರು. ರೆಡ್ ಡೆಲಿಶಿಯಸ್ ಸಸಿಗಳನ್ನು ಅಮೆರಿಕದಿಂದ ತರಿಸಿ 1916ರಲ್ಲಿ ಅಲ್ಲಿ ನೆಟ್ಟವರು ಅವರೇ. ಹಿಮಾಚಲದ ಸೇಬಿನ ಬದುಕು ಅಲ್ಲಿಂದ ಬೆಳೆಯಿತು. ನೋಡಲು ಸೊಗಸಾದ ಈ ತಳಿ ಕಿತ್ತ ಹೊಸತರಲ್ಲಿ ಗರಿಗರಿಯಾಗಿಯೇ ಇರುತ್ತದೆ, ಆದರೆ ಬೇಗ ಹಿಟ್ಟಾಗುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಹಿಮಾಚಲ, ಕಾಶ್ಮೀರಗಳ ಹೊಸ ಫಸಲು ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿಗೆ ಇಳಿಯುವ ದಿನಗಳಲ್ಲಿ, ಧೈರ್ಯವಾಗಿ ಕೊಳ್ಳಿ. ಬೇಸಿಗೆಯಲ್ಲಿ ಅದೇ ಕೆಂಪು ಸೇಬಿನ ಬಣ್ಣಕ್ಕೆ ಮರುಳಾಗಬೇಡಿ. ಫ್ಯೂಜಿ, ಗಾಲಾ ಅಥವಾ ಹಸಿರು ಗ್ರ್ಯಾನಿ ಸ್ಮಿತ್ ಆಗ ಮೇಲು. ಹುಳಿ ಇಷ್ಟವಾದರೆ ಗ್ರ್ಯಾನಿ ಸ್ಮಿತ್ ಒಂದು, ಸಿಹಿ ಸೇಬು ಒಂದು ಬೆರೆಸುವುದು ನನ್ನ ಪದ್ಧತಿ. ಕೈಗೆತ್ತಿಕೊಂಡಾಗ ಗಾತ್ರಕ್ಕೆ ತಕ್ಕ ತೂಕವಿರಬೇಕು, ಒತ್ತಿದರೆ ತಗ್ಗಬಾರದು.

ಸೆಲರಿಯಲ್ಲಿ ನಮ್ಮಲ್ಲಿ ಸಿಗುವುದು ಎರಡು ಬಗೆ. ತರಕಾರಿ ಮಾರುಕಟ್ಟೆಯಲ್ಲಿ ಕೊತ್ತಂಬರಿ ಸೊಪ್ಪಿನ ಅಣ್ಣನಂತೆ ಕಾಣುವ, ಸಣ್ಣ ದಂಟಿನ, ಎಲೆ ತುಂಬಿದ ಕಟ್ಟು. ಗೋಬಿ ಮಂಚೂರಿ, ಫ್ರೈಡ್ ರೈಸ್ ಮಾಡುವವರು ಒಯ್ಯುವುದು ಹೆಚ್ಚಾಗಿ ಅದನ್ನು. ಅದರ ಘಾಟು ಜೋರು, ರಸ ಕಡಿಮೆ. ಈ ಸಲಾಡಿಗೆ ಬೇಕಾದದ್ದು ಬೆರಳಿನಷ್ಟು ಅಗಲದ, ಬುಡದಲ್ಲಿ ಒಂದಕ್ಕೊಂದು ಅಂಟಿಕೊಂಡ ದಪ್ಪ ದಂಟಿನ ಸೆಲರಿ. ದೊಡ್ಡ ಅಂಗಡಿಗಳಲ್ಲಿ, ಊಟಿ ತರಕಾರಿ ಮಾರುವವರಲ್ಲಿ ಸಿಗುತ್ತದೆ. ಹೊರಗಿನ ನಾರುನಾರಾದ ದಂಟುಗಳನ್ನು ಸಾರಿಗೋ ಸೂಪಿಗೋ ತೆಗೆದಿಟ್ಟು, ಒಳಗಿನ ತಿಳಿಹಸಿರು, ಬಿಳಿ ದಂಟುಗಳನ್ನು ಇದಕ್ಕೆ ಬಳಸಿ. ಸಣ್ಣ ದಂಟಿನದೇ ಗತಿಯಾದರೆ ಅಳತೆಯನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ, ತೆಳ್ಳಗೆ ಹೆಚ್ಚಿ. ಅಂದಹಾಗೆ, ಅಮೆರಿಕದವರು ಮಸಾಲೆಯಾಗಿ ಬಳಸುವ ಸೆಲರಿ ಬೀಜದ ಬಹುಪಾಲು ಹೋಗುವುದು ಭಾರತದಿಂದ. ಪಂಜಾಬಿನ ರೈತರು ಬೀಜಕ್ಕಾಗಿಯೇ ಅದನ್ನು ಬೆಳೆಯುತ್ತಾರೆ. ದಂಟು ಸಪ್ಪೆಯೆನಿಸಿದ ದಿನ ಕಾಲು ಚಮಚ ಬೀಜವನ್ನು ಕುಟ್ಟಿ ಮೇಯನೇಸಿಗೆ ಸೇರಿಸಿದರೆ ಪರಿಮಳ ಮರಳುತ್ತದೆ.

ಮೇಯನೇಸ್ ಒಳ್ಳೆಯದಿರಬೇಕೆಂದು ಹಳೆಯ ಪುಸ್ತಕ ಹೇಳಿದ್ದು ಸುಮ್ಮನೆ ಅಲ್ಲ. ಮೂರರಲ್ಲಿ ಒಂದು ಕೆಟ್ಟರೆ ತಪ್ಪಿಸಿಕೊಳ್ಳಲು ನಾಲ್ಕನೆಯದು ಇಲ್ಲ. ಒಂದು ಮೊಟ್ಟೆಯ ಹಳದಿ, ಒಂದು ಚಮಚ ಸಾಸಿವೆ ಪೇಸ್ಟು, ಚಿಟಿಕೆ ಉಪ್ಪು, ಒಂದು ಚಮಚ ನಿಂಬೆರಸ ಬೋಗುಣಿಯಲ್ಲಿ ಹಾಕಿ ಕಡೆಯುತ್ತ, 150 ಮಿಲಿಲೀಟರ್ ಸೂರ್ಯಕಾಂತಿ ಎಣ್ಣೆಯನ್ನು ಮೊದಲು ಹನಿ ಹನಿಯಾಗಿ, ಗಟ್ಟಿಯಾದ ಮೇಲೆ ಸಣ್ಣ ಧಾರೆಯಾಗಿ ಬಿಡಬೇಕು. ಹಳದಿಯಲ್ಲಿರುವ ಲೆಸಿಥಿನ್ ಎಣ್ಣೆಯ ಒಂದೊಂದು ಹನಿಯನ್ನೂ ಸುತ್ತುವರಿದು, ನೀರಿನಂಶದೊಳಗೆ ಬಿಡಿಯಾಗಿ ತೇಲುವಂತೆ ಹಿಡಿದಿಡುತ್ತದೆ. ಆತುರಪಟ್ಟು ಎಣ್ಣೆ ಸುರಿದರೆ ಒಡೆಯುತ್ತದೆ. ಮೊಟ್ಟೆ ತಿನ್ನದ ಮನೆಗಳಲ್ಲಿ ಕಾಲು ಲೋಟ ತಣ್ಣನೆ ಹಾಲಿಗೆ ಅರ್ಧ ಲೋಟ ಎಣ್ಣೆ ಹಾಕಿ ಹ್ಯಾಂಡ್ ಬ್ಲೆಂಡರಿನಲ್ಲಿ ತಿರುಗಿಸಿ, ಕೊನೆಯಲ್ಲಿ ನಿಂಬೆರಸ, ಸಾಸಿವೆ, ಉಪ್ಪು ಸೇರಿಸಿದರೆ ಹಾಲಿನ ಪ್ರೋಟೀನೇ ಆ ಕೆಲಸ ಮಾಡಿಕೊಡುತ್ತದೆ. ಹಸಿ ಮೊಟ್ಟೆಯಿಂದ ಸಾಲ್ಮೊನೆಲ್ಲಾ ಸೋಂಕಿನ ಅಪಾಯ ಇರುವುದರಿಂದ ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು ಉಣ್ಣುವ ಪಂಕ್ತಿಗೆ ಈ ಹಾಲಿನದ್ದೇ ಸರಿ. ಅಂಗಡಿಯ ಎಗ್‌ಲೆಸ್ ಮೇಯನೇಸ್ ಬಳಸುವುದಾದರೆ ಅದು ಸಾಮಾನ್ಯವಾಗಿ ಸಿಹಿ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರನ್ನು ಸಮಪಾಲು ಬೆರೆಸಿ, ಕರಿಮೆಣಸು, ಸಾಸಿವೆಯಿಂದ ಅದರ ಸಿಹಿಯನ್ನು ಹದ್ದಿನಲ್ಲಿಡಿ.

ನಾಲ್ವರಿಗೆ ಎರಡು ದೊಡ್ಡ ಸೇಬು, ಸಿಪ್ಪೆ ಬೀಜ ತೆಗೆದ ಮೇಲೆ ಸುಮಾರು 300 ಗ್ರಾಂ. ಸೆಲರಿ ಅಷ್ಟೇ ಅಥವಾ ಕೊಂಚ ಕಡಿಮೆ, 250 ಗ್ರಾಂ. ಮೇಯನೇಸ್ ನಾಲ್ಕರಿಂದ ಐದು ದೊಡ್ಡ ಚಮಚ. ಒಂದು ದೊಡ್ಡ ಚಮಚ ನಿಂಬೆರಸ. ಮೊದಲು ಸೆಲರಿ. ಏಣುಗಳ ಮೇಲಿನ ಗಟ್ಟಿ ನಾರನ್ನು ಸಿಪ್ಪೆ ಹೆರೆಯುವ ಚಾಕುವಿನಿಂದ ಎಳೆದು, ಹೆಚ್ಚಿ, ಐಸ್ ಹಾಕಿದ ನೀರಿನಲ್ಲಿ ಇಪ್ಪತ್ತು ನಿಮಿಷ ಬಿಡಿ. ಸೊರಗಿದ ಕೋಶಗಳು ನೀರು ಹೀರಿ ಮತ್ತೆ ಬಿಗಿಯಾಗುತ್ತವೆ. ಆಮೇಲೆ ಬಸಿದು, ಒಣ ಬಟ್ಟೆಯ ಮೇಲೆ ಹರಡಿ, ಒಂದು ಹನಿಯೂ ಉಳಿಯದಂತೆ ಒತ್ತಿ ಒರೆಸಿ. ಈ ಒರೆಸುವ ಕೆಲಸವನ್ನು ಬಹಳ ಜನ ಬಿಡುತ್ತಾರೆ. ಒದ್ದೆ ಸೆಲರಿಗೆ ಮೇಯನೇಸ್ ಅಂಟುವುದೇ ಇಲ್ಲ. ಸೇಬು ಹೆಚ್ಚುವುದು ಎಲ್ಲಕ್ಕೂ ಕೊನೆಗೆ. ಚಾಕು ತಗುಲಿದ ಕೂಡಲೇ ತಿರುಳಿನ ಕಿಣ್ವವೊಂದು ಗಾಳಿಯ ಆಮ್ಲಜನಕದೊಡನೆ ಸೇರಿ ಸೇಬನ್ನು ಕಂದಾಗಿಸತೊಡಗುತ್ತದೆ. ನಿಂಬೆಯ ಹುಳಿ ಮತ್ತು ಸಿ ಜೀವಸತ್ವ ಅದನ್ನು ತಡೆಯುತ್ತವೆ. ಹಳೆಯ ಪಾಕದಲ್ಲಿ ಬೇರೆ ನಿಂಬೆರಸವಿಲ್ಲ. ಹುಳಿಯುಳ್ಳ ಮೇಯನೇಸೇ ಹೋಳುಗಳ ಮೈ ಮುಚ್ಚಿ ಗಾಳಿಯನ್ನು ದೂರವಿಡುತ್ತಿತ್ತು. ಸಿಪ್ಪೆ ತೆಗೆಯಬೇಕೇ? ಕೆಂಪು ಸಿಪ್ಪೆ ಕಣ್ಣಿಗೆ ಚಂದ ನಿಜ, ಆದರೆ ಅಂಗಡಿಯ ಸೇಬಿಗೆ ಮೇಣ ಬಳಿದಿರುತ್ತದೆ, ಸಿಪ್ಪೆ ಬಾಯಲ್ಲಿ ಬೇರೆಯಾಗಿ ನಿಲ್ಲುತ್ತದೆ. ನಾನು ಆಸ್ಕರ್ ಪಕ್ಷ.

ಕಲಸಿದ ಮೇಲೆ ಹೊತ್ತು ಕಳೆಯಬಾರದು. ಕೋಸಂಬರಿಗೆ ಉಪ್ಪನ್ನು ಎಲೆಗೆ ಬಡಿಸುವ ಮುಂಚೆಯಷ್ಟೇ ಹಾಕಬೇಕೆಂದು ನಮ್ಮ ಮನೆಗಳಲ್ಲಿ ಹೇಳುವುದು ಯಾವ ಕಾರಣಕ್ಕೋ ಇಲ್ಲೂ ಅದೇ ಕಾರಣ: ಉಪ್ಪು ಹೋಳಿನೊಳಗಿನ ನೀರನ್ನು ಹೊರಗೆಳೆಯುತ್ತದೆ. ಮೇಯನೇಸಿನಲ್ಲಿ ಉಪ್ಪಿದೆ. ಸೆಲರಿ ಮುಕ್ಕಾಲು ಪಾಲಿಗೂ ಹೆಚ್ಚು ನೀರು, ಸೇಬಿನದೂ ಹಾಗೆಯೇ. ಗಂಟೆ ಕಳೆಯುವಷ್ಟರಲ್ಲಿ ಗಟ್ಟಿ ಮೇಯನೇಸು ತೆಳ್ಳಗಿನ ಹಾಲಾಗಿ ಬಟ್ಟಲಿನ ತಳ ಸೇರುತ್ತದೆ, ಹೋಳುಗಳು ಮೆತ್ತಗಾಗುತ್ತವೆ. ಹೆಚ್ಚು ಜನಕ್ಕೆ ಮಾಡುವಾಗ ಸೆಲರಿ, ಮೇಯನೇಸ್ ಎರಡನ್ನೂ ಬೇರೆ ಬೇರೆ ಸಿದ್ಧಪಡಿಸಿ ಫ್ರಿಜ್ಜಿನಲ್ಲಿಟ್ಟು, ಜನ ಕುಳಿತ ಮೇಲೆ ಸೇಬು ಹೆಚ್ಚಿ ಕಲಸುವುದೇ ದಾರಿ.

ಅಕ್ರೋಟು ಬಂದದ್ದು ಆಮೇಲೆ. 1928ರ ರೆಕ್ಟರ್ ಅಡುಗೆ ಪುಸ್ತಕದ ಹೊತ್ತಿಗೆ ಅದು ಸಲಾಡಿನಲ್ಲಿ ಸ್ಥಾನ ಪಡೆದಿತ್ತು, ಮತ್ತೆ ಕದಲಲಿಲ್ಲ. ಸೇರ್ಪಡೆಗಳಲ್ಲಿ ನಾನು ಮನಸಾರೆ ಒಪ್ಪುವುದು ಇದೊಂದನ್ನೇ. ಸೇಬು, ಸೆಲರಿಗಳೆರಡೂ ರಸದ ಗರಿಗರಿ. ಅಕ್ರೋಟಿನದು ಎಣ್ಣೆಯ ಗರಿಗರಿ, ಜೊತೆಗೆ ಅದರ ಸಿಪ್ಪೆಯ ಒಗರು ಸೆಲರಿಯ ಪಕ್ಷ ವಹಿಸುತ್ತದೆ. ಆದರೆ ಅದರ ಎಣ್ಣೆ ಬೇಗ ಕೆಡುತ್ತದೆ, ಹಳೆಯ ಬಣ್ಣದ ಡಬ್ಬಿಯ ವಾಸನೆ ಬರುತ್ತದೆ. ಕೊಳ್ಳುವಾಗ ಒಂದನ್ನು ಮುರಿದು ಮೂಸಿ ನೋಡಿ, ಮನೆಯಲ್ಲಿ ಫ್ರಿಜ್ಜಿನಲ್ಲಿಡಿ. 50 ಗ್ರಾಂ ಅಕ್ರೋಟನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ಮುರಿದು, ಬಡಿಸುವಾಗ ಮೇಲೆ ಉದುರಿಸಿ. ಮೊದಲೇ ಕಲಸಿಟ್ಟರೆ ಸಿಪ್ಪೆಯ ಟ್ಯಾನಿನ್ ಇಳಿದು ಬಿಳಿ ಮೇಯನೇಸು ಬೂದುಬಣ್ಣಕ್ಕೆ ತಿರುಗುತ್ತದೆ.

ದ್ರಾಕ್ಷಿಯ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಹಾಕಲೇಬೇಕಾದರೆ ವಿಜಯಪುರದ ಬೀಜರಹಿತ ದ್ರಾಕ್ಷಿ, ಹುಳಿ ಇನ್ನೂ ಉಳಿದಿರುವಂಥದ್ದು, ಉದ್ದಕ್ಕೆ ಎರಡು ಹೋಳು ಮಾಡಿ ಒಂದು ಹಿಡಿ ಸಾಕು. ಬೆಂಗಳೂರು ಬ್ಲೂ ಬೇಡ. ದಪ್ಪ ಸಿಪ್ಪೆ, ಬೀಜ, ಆ ಗಾಢ ಸುವಾಸನೆ ಇವೆಲ್ಲ ರಸಕ್ಕೆ, ಜಾಮಿಗೆ ಹೇಳಿಸಿದ್ದು. ಒಣದ್ರಾಕ್ಷಿ, ಅನಾನಸು, ಸಕ್ಕರೆ ಬೆರೆಸಿದ ಕ್ರೀಮು ಬಂದರೆ ಅದು ಫ್ರೂಟ್ ಸಲಾಡ್ ಆಗುತ್ತದೆ, ಆ ಹೆಸರಿನಿಂದಲೇ ಕರೆಯುವುದು ಒಳ್ಳೆಯದು. ಈ ಸಲಾಡಿನ ಹೆಸರಿಗಂತೂ ಒಂದು ತೂಕವಿದೆ. ಕೋಲ್ ಪೋರ್ಟರ್ 1934ರ ತಮ್ಮ ಪ್ರಸಿದ್ಧ ಹಾಡೊಂದರಲ್ಲಿ ಜಗತ್ತಿನ ಶ್ರೇಷ್ಠ ವಸ್ತುಗಳ ಸಾಲಿನಲ್ಲಿ ಇದನ್ನು ಸೇರಿಸಿದರು. 1979ರಲ್ಲಿ ಬ್ರಿಟಿಷ್ ಟಿವಿಯ ಫಾಲ್ಟಿ ಟವರ್ಸ್ ಸರಣಿಯ ಒಂದು ಇಡೀ ಕಂತು, ಅಮೆರಿಕದಿಂದ ಬಂದ ಅತಿಥಿ ಈ ಸಲಾಡ್ ಕೇಳಿದಾಗ ಹೋಟೆಲಿನವನಿಗೆ ಅದೇನೆಂದೇ ಗೊತ್ತಿಲ್ಲದ ಪ್ರಸಂಗದ ಮೇಲೆ ನಡೆಯುತ್ತದೆ.

ಬಡಿಸುವ ತಟ್ಟೆಯನ್ನೂ ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ತಣ್ಣಗಾಗಿಸಿ. ಒಣಗಿಸಿದ ಲೆಟ್ಯೂಸ್ ಎಲೆಯೊಂದನ್ನು ಹಾಸಿ, ಅದರ ಮೇಲೆ ಸಲಾಡನ್ನು ಒತ್ತದೆ, ಗುಡ್ಡೆಯಾಗಿ ಇಳಿಸಿ. ಸೆಲರಿಯ ಒಳಗಿನ ಎಳೆ ಹಳದಿ ಎಲೆಗಳನ್ನು ಮೇಲಿಡಿ. ಅಲಂಕಾರವೂ ಹೌದು, ತಿನ್ನಲೂ ರುಚಿ. ಅಮೆರಿಕದಲ್ಲಿ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಊಟದಲ್ಲಿ ಹುರಿದ ಟರ್ಕಿ ಕೋಳಿಯ ಪಕ್ಕ ಇದು ಮೇಜಿಗೆ ಬರುವ ರೂಢಿಯಿದೆ. ಸೇಬಿನ ಹೊಸ ಫಸಲು ಕೈಯಲ್ಲಿರುವ ಕಾಲವದು. ಅನ್ನ, ಹುಳಿ, ಪಲ್ಯಗಳ ಎಲೆಯಲ್ಲಿ ಇದಕ್ಕೆ ಜಾಗವಿಲ್ಲ, ಸಾರಿನ ಬಿಸಿಗೂ ಖಾರಕ್ಕೂ ಸೋತುಹೋಗುತ್ತದೆ. ಸಂಜೆಯ ಕಟ್ಲೆಟ್ಟು, ಬೆಣ್ಣೆ ಸವರಿ ಸುಟ್ಟ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಗಟ್ಟಿ ಚೀಸು ಇವುಗಳ ಜೊತೆಗೆ ಚೆನ್ನಾಗಿ ಹೊಂದುತ್ತದೆ; ಮಾಂಸ ತಿನ್ನುವವರಿಗೆ ತಣ್ಣಗಾದ ಹುರಿದ ಕೋಳಿಯ ಜೊತೆ.

ನೆಂಟರಿಗೆ ಬಡಿಸುವ ಮುಂಚೆ ಒಂದು ಮಾತು ಕೇಳಿಕೊಳ್ಳಿ. ಆಹಾರದ ಪಟ್ಟಿಯಲ್ಲಿ ಕಡ್ಡಾಯವಾಗಿ ನಮೂದಿಸಬೇಕೆಂದು ಐರೋಪ್ಯ ಒಕ್ಕೂಟ ಗುರುತಿಸಿರುವ 14 ಅಲರ್ಜಿಕಾರಕಗಳಲ್ಲಿ ಸೆಲರಿ, ಮೊಟ್ಟೆ, ಸಾಸಿವೆ, ಅಕ್ರೋಟಿನಂಥ ಬೀಜಗಳು ನಾಲ್ಕೂ ಇವೆ, ನಾಲ್ಕೂ ಈ ಒಂದೇ ಬಟ್ಟಲಿನಲ್ಲಿ ಸೇರುತ್ತವೆ. ಹೊರಗಿನ ಸೆಕೆಯಲ್ಲಿ ಮೇಯನೇಸನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಇಡಬೇಡಿ. ಫ್ರಿಜ್ಜಿನಲ್ಲಿ ಉಳಿದದ್ದು ಮರುದಿನ ಸಲಾಡಾಗಿ ನಡೆಯುವುದಿಲ್ಲ. ಜಾಲರಿಯಲ್ಲಿ ನೀರು ಬಸಿದು, ಹೊಸದಾಗಿ ಒಂದು ದಂಟು ಸೆಲರಿ ಹೆಚ್ಚಿ ಸೇರಿಸಿ, ಮೆಣಸಿನ ಪುಡಿ ಉದುರಿಸಿ ಬ್ರೆಡ್ಡಿನ ನಡುವೆ ಇಟ್ಟರೆ ಬೆಳಗಿನ ತಿಂಡಿಗೆ ಒಳ್ಳೆಯ ಸ್ಯಾಂಡ್‌ವಿಚ್ ಆಗುತ್ತದೆ.